ಜಾಕ್‌ವೆಲ್ಲಿನ ಕಣ್ಣು ಮತ್ತು ನನ್ನ ಮೂರು ಪುಟದ ವರದಿ

ಅದನ್ನು ಮಿಠಾಯಿ ಡಬ್ಬಿಯಲ್ಲಿ ಹಾಕಿಕೊಂಡು ತಂದಿದ್ದರು. ನೀರಿನ ಮಟ್ಟ ಅಳೆಯುವ ಲೇಸರ್ ಸೆನ್ಸರ್. ಗೇಣುದ್ದದ ಲೋಹದ ಕೊಳವೆ, ಕೆಳತುದಿಗೆ ರೂಪಾಯಿಯಗಲದ ಗಾಜು, ಮೇಲ್ತುದಿಗೆ ಚಿಕ್ಕ ಪರದೆ, ಮೂರು ಬಟನ್ನು. ವೈರನ್ನು ಬಿಚ್ಚುವಷ್ಟು ತಾಳ್ಮೆ ಇರಲಿಲ್ಲವೆಂದು ಕಾಣುತ್ತದೆ, ಕತ್ತರಿಸಿದ್ದರು. ಡಬ್ಬಿಯ ತಳದಲ್ಲಿ ಪೇಡೆಯ ಪುಡಿ ಇನ್ನೂ ಅಂಟಿಕೊಂಡಿತ್ತು.

ತಂದವರು ಇಬ್ಬರು. ಒಬ್ಬರು ಕುಡಿಯುವ ನೀರಿನ ಯೋಜನೆಯೊಂದರ ಎಂಜಿನಿಯರ್ ಸಾಹೇಬರು, ಇನ್ನೊಬ್ಬರು ಆ ಸೆನ್ಸರ್ ಕೂಡಿಸಿದ ಕಂಪನಿಯ ಪ್ರತಿನಿಧಿ. ನಾನು ಹರಪನಹಳ್ಳಿ ಕಡೆ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮಕ್ಕಳಿಗೆ ಸೆನ್ಸರ್‌ಗಳ ಪಾಠ ಮಾಡುವವಳು. ಅವರು ಬಂದಾಗ ಕರಿಹಲಗೆಯ ಮೇಲೆ ನನ್ನ ಬೆಳಗಿನ ಪಾಠ ಇನ್ನೂ ಅಳಿಸಿರಲಿಲ್ಲ. ಒಂದೇ ನೀರಿನ ಮಟ್ಟವನ್ನು ಮೂರು ದಾರಿಯಲ್ಲಿ ಅಳೆಯುವುದು ಹೇಗೆ ಎಂದು ಬರೆದಿದ್ದೆ. ತೇಲುವ ಬುರುಡೆಗೆ ಸರಪಳಿ ಕಟ್ಟಿ ಅಳೆದರೆ ಯಂತ್ರದ ದಾರಿ. ಉಕ್ಕಿನ ಸಲಾಕೆಗಳನ್ನು ನೀರಿಗಿಳಿಸಿ, ಅವುಗಳ ನಡುವೆ ಕರೆಂಟು ಹರಿಯುತ್ತದೋ ಇಲ್ಲವೋ ನೋಡಿದರೆ ವಿದ್ಯುತ್ತಿನ ದಾರಿ. ಬೆಳಕು ಬಿಟ್ಟು, ಅದು ನೀರಿಗೆ ತಾಗಿ ಮರಳುವುದನ್ನು ನೋಡಿದರೆ ಬೆಳಕಿನ ದಾರಿ. ಸಾಹೇಬರು ಹಲಗೆ ನೋಡಿ, ನೀವೇ ತಕ್ಕವರು ಮೇಡಂ, ಎಂದರು. ಹೊಗಳಿಕೆಗೆ ನಾನು ಉಬ್ಬಿದೆ. ಸುಳ್ಳು ಹೇಳಿ ಏನು ಪ್ರಯೋಜನ, ಉಬ್ಬಿದೆ.

ಸಂಗತಿ ಇಷ್ಟು. ಹಡಗಲಿ ತಾಲ್ಲೂಕಿನಲ್ಲಿ, ಮಾಗಳದಿಂದ ಸ್ವಲ್ಪ ಆಚೆ, ಹೊಳೆಯ ದಂಡೆಯಲ್ಲಿ ಒಂದು ಜಾಕ್‌ವೆಲ್ ಇದೆ. ದೊಡ್ಡ ಸಿಮೆಂಟ್ ಬಾವಿ. ಹೊಳೆಯ ನೀರು ಪೈಪಿನಲ್ಲಿ ಅದರೊಳಗೆ ಬರುತ್ತದೆ, ಬಾವಿಯ ಮೇಲಿರುವ ಪಂಪು ಅದನ್ನೆತ್ತಿ ಊರುಗಳಿಗೆ ಕಳಿಸುತ್ತದೆ. ಬಾವಿಯಲ್ಲಿ ನೀರು ಕಡಿಮೆಯಾದರೆ ಸೆನ್ಸರ್ ಪಂಪನ್ನು ನಿಲ್ಲಿಸಬೇಕು. ನಿಲ್ಲಿಸಲಿಲ್ಲ. ಯುಗಾದಿಯಾದ ಹತ್ತು ದಿನಕ್ಕೆ ಪಂಪು ಒಣಗಾಳಿಯನ್ನೇ ಎಳೆದೆಳೆದು ಬೇರಿಂಗ್ ಹಿಡಿಯಿತು, ಮೋಟಾರಿನ ವೈಂಡಿಂಗ್ ಸುಟ್ಟಿತು. ಬೇಸಿಗೆಯಲ್ಲಿ ಒಂಬತ್ತು ದಿನ ಅಷ್ಟೂ ಊರುಗಳ ನಲ್ಲಿ ಬಂದಾದವು. ಯಾರ ತಪ್ಪು ಎಂದು ಮೇಲಿನವರು ಕೇಳಿದ್ದರು, ತಾಂತ್ರಿಕ ವರದಿ ಬೇಕಿತ್ತು.

ಕಂಪನಿಯವರು ಗಾಜನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು. ಅಂಚಿನಲ್ಲಿ ಬೆಳ್ಳಗೆ ಮೆತ್ತಿತ್ತು. ಬೆರಳಿಗೆ ಹತ್ತಿಸಿಕೊಂಡು ಮೂಸಿದೆ. ಮೂಸುವ ಅಗತ್ಯವೇ ಇರಲಿಲ್ಲ, ಹುಟ್ಟಿದಾಗಿನಿಂದ ಹಣೆಗೆ ಹಚ್ಚಿಕೊಂಡದ್ದು ಗೊತ್ತಾಗುವುದಿಲ್ಲವೇ? ವಿಭೂತಿ. ಅಲ್ಲಿನ ನೀರಗಂಟಿ, ಎಂದರೆ ಪಂಪು ನಡೆಸುವವನು, ಪ್ರತಿ ಅಮಾವಾಸ್ಯೆಗೆ ಪಂಪಿಗೂ ಪ್ಯಾನೆಲ್ಲಿಗೂ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಾನೆ. ಯುಗಾದಿ ಅಮಾವಾಸ್ಯೆಗೆ ಸೆನ್ಸರಿಗೂ ಹಚ್ಚಿದ್ದಾನೆ, ಎಂದರು ಸಾಹೇಬರು. ಜೊತೆಗೆ ಅವನ ರಿಜಿಸ್ಟರಿನ ಝೆರಾಕ್ಸ್ ಕೊಟ್ಟರು. ಬೆಳಿಗ್ಗೆ ಸಂಜೆ ಪರದೆಯ ಮೇಲಿನ ಅಂಕಿ ಬರೆಯಬೇಕು. ಕೊನೆಯ ಐದೂ ಸಾಲುಗಳಲ್ಲಿ ಒಂದೇ ಅಂಕಿ: ಮೂರು ಮೀಟರ್ ನಲವತ್ತು. ನೋಡಿದ್ದರೆ ತಾನೇ ಬೇರೆ ಬರೆಯಲು, ಮನೆಯಲ್ಲಿ ಕೂತು ಗೀಚಿದ್ದಾನೆ, ಎಂದು ಕಂಪನಿಯವರು ನಕ್ಕರು.

ನಾನು ಗಾಜನ್ನು ಸ್ವಚ್ಛವಾಗಿ ಒರೆಸಿದೆ. ಪ್ರಯೋಗಾಲಯದಲ್ಲಿ ವೈರು ಜೋಡಿಸಿ, ಸೆನ್ಸರನ್ನು ನೆಲದ ಮೇಲೆ ಎತ್ತರಕ್ಕೆ ನಿಲ್ಲಿಸಿ ಅಳತೆ ನೋಡಿದೆ, ಸರಿ ಬಂತು. ಆಮೇಲೆ ಗಾಜಿಗೆ ವಿಭೂತಿ ಬಳಿದೆ. ಬೆಳಕು ಹೊರಗೆ ಹೋಗದೆ ಅಲ್ಲೇ ಚೆದುರಿ ಮರಳಿತು, ನೀರು ಕಣ್ಣಿನ ಬುಡಕ್ಕೇ ಬಂದಿದೆ ಎಂದು ಸೆನ್ಸರ್ ತಿಳಿಯಿತು, ಪರದೆ ಬಾವಿ ತುಂಬಿದೆ ಎಂದಿತು. ಇನ್ನೇನು ಬೇಕು! ಅವತ್ತೇ ಸಂಜೆ ಮೂರು ಪುಟ ವರದಿ ಬರೆದು ಸಹಿ ಮಾಡಿ ಕಳಿಸಿದೆ. ‘ನಿರ್ವಾಹಕನ ಅಜ್ಞಾನಜನ್ಯ ಕೃತ್ಯದಿಂದ’ ಎಂದು ಬರೆದಿದ್ದೆ. ‘ಆತನ ದಾಖಲೆಗಳು ನಂಬಲರ್ಹವಲ್ಲ’ ಎಂದೂ ಬರೆದಿದ್ದೆ. ಆ ವಾಕ್ಯಗಳನ್ನು ಬರೆಯುವಾಗ ನನಗೆ ಎಷ್ಟು ಸಿಟ್ಟಿತ್ತೆಂದರೆ, ನಾಲ್ಕು ಕೊಡ ನೀರಿಗೆ ಹೆಂಗಸರು ಹೊಲದ ಬೋರಿನ ಮುಂದೆ ಪಾಳಿ ನಿಲ್ಲುವಂತೆ ಮಾಡಿದವನು ಎದುರಿಗಿದ್ದರೆ ಬೈದುಬಿಡುತ್ತಿದ್ದೆ.

ಅವನು ಎದುರಿಗೆ ಬಂದದ್ದು ಎರಡು ವಾರದ ಮೇಲೆ. ಐವತ್ತು ದಾಟಿದ ಆಳು, ಒಗೆದ ಬಿಳಿ ಅಂಗಿ, ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ರಿಜಿಸ್ಟರು. ಹಣೆ ಖಾಲಿ. ಎರಡು ಬಸ್ಸು ಬದಲಿಸಿ ಬಂದಿದ್ದ. ಕೂರು ಎಂದರೂ ಕೂರಲಿಲ್ಲ. ಕೆಲಸದಿಂದ ತೆಗೆಯುವ ನೋಟಿಸು ಬಂದಿತ್ತು, ತಿಂಗಳೊಳಗೆ ವಿಚಾರಣೆ. ನೋಟಿಸಿನ ಹಿಂದೆ ನನ್ನ ವರದಿಯ ಪ್ರತಿ ಲಗತ್ತಿಸಿದ್ದರು. ಅವನು ಜಗಳಕ್ಕೆ ಬಂದಿರಲಿಲ್ಲ. ಒಂದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದ.

"ಮೇಡಮ್ಮಾರ, ಇದನ್ನ ನೀವು ನೋಡಿ ಬರದೀರೋ, ಕೇಳಿ ಬರದೀರೋ?"

ನನಗೆ ಉರಿಯಿತು. ಪ್ರಯೋಗ ಮಾಡಿ ಬರೆದದ್ದು, ಗಾಜಿಗೆ ನಿನ್ನ ವಿಭೂತಿ ಮೆತ್ತಿತ್ತು, ಎಂದೆ. ಅವನು ತನ್ನ ಖಾಲಿ ಹಣೆಯನ್ನು ಮುಟ್ಟಿ ತೋರಿಸಿದ.

"ಕಣ್ಣಿಗೆ ಯಾರರ ವಿಭೂತಿ ಹಚ್ಚತಾರೇನ್ರಿ? ಹಣಿಗೆ ಹಚ್ಚತಾರ. ನಾ ಮ್ಯಾಲ ಅದರ ನೆತ್ತಿಗೆ ಹಚ್ಚೀನಿ. ಕಣ್ಣು ಬಾವ್ಯಾಗ ಇರತೈತಿ, ಮುಚ್ಚಳಕ್ಕ ಕೀಲಿ ಐತಿ. ಕೀಲಿಕೈ ಕಂಪನ್ಯಾರ ಹತ್ರ ಐತಿ. ನನ್ನ ಕೈ ಅಲ್ಲಿಗೆ ಹೆಂಗ ಹೋಗತೈತ್ರಿ?"

ಸೆನ್ಸರ್ ಎಲ್ಲಿ, ಹೇಗೆ ನಿಂತಿತ್ತು ಎಂದು ನಾನು ನೋಡಿರಲೇ ಇಲ್ಲ. ಮಿಠಾಯಿ ಡಬ್ಬಿಯಲ್ಲಿ ಮಲಗಿದ್ದನ್ನು ನೋಡಿ, ಬಾವಿಯಲ್ಲಿ ನಡೆದದ್ದನ್ನು ಬರೆದಿದ್ದೆ. ಪಾಠದಲ್ಲಿ ಮಕ್ಕಳು ಹಾಗೆ ಬರೆದರೆ ಸೊನ್ನೆ ಕೊಡುತ್ತೇನೆ.

ಆದರೂ ನನ್ನ ಸೊಕ್ಕು ಅಷ್ಟು ಬೇಗ ಇಳಿಯುವುದಲ್ಲ. ಐದು ಸಲ ಒಂದೇ ಅಂಕಿ ಯಾಕೆ ಬರೆದೆ ಎಂದು ಕೇಳಿದೆ. ಅವನು ಟವೆಲ್ಲು ಬಿಚ್ಚಿ ರಿಜಿಸ್ಟರನ್ನೇ ತೆರೆದಿಟ್ಟ. ನನಗೆ ಕೊಟ್ಟ ಝೆರಾಕ್ಸಿನಲ್ಲಿ ಕೊನೆಯ ಐದು ಸಾಲು ಮಾತ್ರ ಇದ್ದವು. ಇಲ್ಲಿ ಪೂರ್ತಿ ಪುಟವಿತ್ತು. ಅಮಾವಾಸ್ಯೆಯ ಮರುದಿನ ನಾಲ್ಕು ಹತ್ತು, ಸಂಜೆ ನಾಲ್ಕು ಸೊನ್ನೆ ಎರಡು, ಆಮೇಲೆ ಮೂರು ತೊಂಬತ್ತೈದು, ಹೀಗೇ ಇಳಿಯುತ್ತ ಇಳಿಯುತ್ತ ಬಂದು ಮೂರು ನಲವತ್ತಕ್ಕೆ ನಿಂತಿತ್ತು. ಗುಂಡನೆಯ ಅಕ್ಷರ, ಒಂದು ಕಾಟು ಗೀಟು ಇಲ್ಲ. ಗಾಜಿಗೆ ಅಮಾವಾಸ್ಯೆ ದಿನವೇ ವಿಭೂತಿ ಬಳಿದಿದ್ದರೆ ಪರದೆ ಅವತ್ತಿನಿಂದಲೇ ಬಾವಿ ತುಂಬಿದೆ ಎನ್ನಬೇಕಿತ್ತು. ದಿನವೂ ಇಷ್ಟಿಷ್ಟೇ ಇಳಿಯುವುದು ಹೇಗೆ? ಅಂಚಿನಲ್ಲಿದ್ದ ಚಿಟಿಕೆ ಬಿಳುಪಿಗೆ ನಾನು ಇಡೀ ಗಾಜಿಗೆ ಬಳಿದು ಪ್ರಯೋಗ ಮಾಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆ ಅಂಕಿ ನಿಂತಾಗ ಸಂಶಯ ಬರಲಿಲ್ಲವೇ ಎಂದೆ. ಬಂದಿತ್ತಂತೆ. ಎರಡನೇ ದಿನವೇ ಕಂಪನಿಯವರಿಗೆ ಫೋನು ಮಾಡಿದ್ದನಂತೆ.

"ನಂಬರು ಅಲ್ಲಾಡವಲ್ದು ಅಂದ್ನಿರಿ. ಅಲ್ಲಾಡದಿದ್ರ ಚಲೋ ಅಲ್ಲೇನು, ಸುಮ್ನಿರು ಅಂದ್ರು."

ಮರುದಿನವೇ ನಾನು ಹಡಗಲಿ ಬಸ್ಸು ಹತ್ತಿದೆ. ಜಾಕ್‌ವೆಲ್ಲಿಗೆ ದಂಡೆಯಿಂದ ಸಣ್ಣ ಸೇತುವೆಯ ಮೇಲೆ ನಡೆದು ಹೋಗಬೇಕು. ಕೆಳಗೆ ಹೊಳೆ ಎನ್ನುವುದು ಮರಳಿನ ಬಯಲಾಗಿತ್ತು, ಆಚೆ ದಡದ ಹತ್ತಿರ ಮಾತ್ರ ನೀರು. ಅಲ್ಲಿಂದ ಜಾಕ್‌ವೆಲ್ಲಿನ ಪೈಪಿನವರೆಗೆ ಮರಳಿನಲ್ಲಿ ಕಾಲುವೆ ತೋಡಿದ್ದರು, ಪ್ರತಿ ಬೇಸಿಗೆಗೂ ತೋಡುತ್ತಾರೆ. ಯುಗಾದಿಯ ನಂತರ ಆ ಕಾಲುವೆಯ ಅಂಚು ದಿನಕ್ಕಿಷ್ಟು ಕುಸಿದು, ಬರುವ ನೀರು ಕಡಿಮೆಯಾಗುತ್ತ ಕೊನೆಗೆ ನಿಂತೇಹೋಗಿತ್ತು. ಹೊಸ ಮೋಟಾರು ಬಂದು ಪಂಪು ಮತ್ತೆ ನಡೆಯುತ್ತಿತ್ತು, ಸದ್ಯಕ್ಕೆ ಸೆನ್ಸರ್ ಇಲ್ಲದೆ, ಬೇರೊಬ್ಬನ ಕಾವಲಿನಲ್ಲಿ. ನೀರಗಂಟಿ ಸೇತುವೆಯ ಈಚೆಗೇ ನಿಂತ. ಒಳಗೆ ಬರುವಂತಿಲ್ಲ ಎಂದು ನೋಟಿಸಿನಲ್ಲಿತ್ತು. ಇಪ್ಪತ್ತೆರಡು ವರ್ಷ ಕಸ ಗುಡಿಸಿದ ಜಾಗವನ್ನು ಅವನು ದೂರದಿಂದಲೇ ಬೆರಳು ಮಾಡಿ ನನಗೆ ತೋರಿಸಿದ.

ಮುಚ್ಚಳದ ಕೀಲಿಯನ್ನು ನಾನು ಸಾಹೇಬರಿಗೆ ಫೋನಿನ ಮೇಲೆ ಫೋನು ಮಾಡಿ ತರಿಸಿದೆ. ಬಾವಿಯ ಮೇಲ್ಚಪ್ಪಡಿಗೆ ತೂತು ಕೊರೆದು ಸೆನ್ಸರನ್ನು ಇಳಿಬಿಟ್ಟಿದ್ದರು. ತಲೆ ಮತ್ತು ಪರದೆ ಚಪ್ಪಡಿಯ ಮೇಲೆ, ಗಾಜು ಕೆಳಗೆ. ಅವನು ಹೇಳಿದ್ದು ಅಕ್ಷರಶಃ ನಿಜ. ಅಲ್ಲೇ ಉಳಿದಿದ್ದ ಹಿಡಿಕೆಯ ಬೋಲ್ಟು ನೋಡಿದರೆ ಸೊಟ್ಟಗಿತ್ತು. ಪಂಪಿನ ಪೈಪು ಬೆಳಕಿಗೆ ಅಡ್ಡ ಬರುತ್ತದೆಂದು ಸೆನ್ಸರನ್ನು ಸ್ವಲ್ಪ ವಾಲಿಸಿ ಕೂಡಿಸಿದ್ದರು. ಗೋಡೆಗೆ ಹಳೆಯ ಮೂರು ಉಕ್ಕಿನ ಸಲಾಕೆಗಳು ಇನ್ನೂ ನೇತಾಡುತ್ತಿದ್ದವು. ವೈರು ಕತ್ತರಿಸಿ, ತುದಿಗೆ ಟೇಪು ಸುತ್ತಿದ್ದರು. ಹೊಸದು ಬಂತಲ್ಲ, ಹಳೆಯದು ಯಾಕೆ ಎಂದು ಕಂಪನಿಯವರೇ ಕತ್ತರಿಸಿದ್ದು. ಅದಕ್ಕೂ ಮೊದಲಿನ ಅಳತೆಯ ಸಾಧನ ನೀರಗಂಟಿಯದೇ. ಒಂದು ಹಗ್ಗ, ತುದಿಗೆ ಕಲ್ಲು, ಮೊಳಕ್ಕೊಂದು ಗಂಟು. ಇಳಿಬಿಟ್ಟು ಎತ್ತಿದರೆ ಎಷ್ಟು ಗಂಟು ಒದ್ದೆಯಾಗಿದೆಯೋ ಅಷ್ಟು ಮೊಳ ನೀರು. ಸೆನ್ಸರ್ ಕೂಡಿಸಿದ ದಿನ ಸಾಹೇಬರು ಆ ಹಗ್ಗವನ್ನು ಹೊಳೆಗೆ ಎಸೆಯಿಸಿದ್ದರಂತೆ. ಮಷೀನು ಹೇಳುತ್ತದೆ, ನಿನ್ನ ಹಗ್ಗ ಬೇಡ, ಎಂದು.

ಹಾಗಾದರೆ ಅಂಕಿ ನಿಂತದ್ದು ಯಾಕೆ? ಸೇತುವೆಯ ಮೇಲೆ ಕೂತು ಅವನನ್ನು ಮೊದಲಿನಿಂದ ಕೇಳಿದೆ. ಸೆನ್ಸರ್ ಕೂಡಿಸಿದ್ದು ಶ್ರಾವಣದಲ್ಲಿ, ಹೊಳೆ ಕೆಂಪಗೆ ಹರಿಯುತ್ತಿದ್ದಾಗ. ಸಂಕ್ರಾಂತಿಯವರೆಗೆ ಏನೂ ತೊಂದರೆ ಇಲ್ಲ. ಆಮೇಲೆ ಬಾವಿಯಲ್ಲಿ ನೀರಿದ್ದರೂ ಪಂಪು ಆಗಾಗ ತಾನೇ ನಿಲ್ಲತೊಡಗಿತು, ಊರುಗಳಿಂದ ದೂರು ಬಂದವು. ಕಂಪನಿಯವರು ಬಂದು ಬಟನ್ನು ಒತ್ತಿ ಏನೋ ಬದಲಿಸಿ ಹೋದರು, ನಿಲ್ಲುವುದು ತಪ್ಪಿತು. ಬೇಸಿಗೆಯಲ್ಲಿ ನೀರು ಹೇಗಿತ್ತು ಎಂದು ಕೇಳಿದೆ. ಎಂಥ ಪೆದ್ದ ಪ್ರಶ್ನೆ ಎನ್ನುವ ಹಾಗೆ ನೋಡಿದ.

"ತಿಳಿಯಾಗಿತ್ರಿ. ಕಂಪನ್ಯಾರು ಮುಚ್ಚಳ ತಗದಾಗ ಒಮ್ಮಿ ನೋಡಿದ್ದೆ, ಒಳಗ ಮೀನು ಆಡೋದು ಕಾಣತಿತ್ತು."

ತಿಳಿನೀರು. ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ, ಆದರೂ ತಲೆಗೆ ಬಂದಿರಲಿಲ್ಲ. ಕೆಸರುನೀರಿನಲ್ಲಿ ಮಣ್ಣಿನ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ, ಸ್ವಲ್ಪ ಬೆಳಕು ಸೆನ್ಸರಿಗೂ ಮರಳುತ್ತದೆ. ತಿಳಿನೀರು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೇಲೆ ತಾಗಿ ಮರಳುವ ಅಷ್ಟಿಷ್ಟು ಬೆಳಕು ಕನ್ನಡಿಯಿಂದ ಹೊರಟಂತೆ ಒಂದೇ ದಿಕ್ಕಿಗೆ ಹೋಗುತ್ತದೆ, ಸೆನ್ಸರ್ ವಾಲಿದ್ದರೆ ಅದು ಗೋಡೆಯ ಪಾಲು. ಹೊಳೆಯಿಂದ ನೀರು ಬರುತ್ತಿದ್ದಷ್ಟು ದಿನ ಮೇಲೆ ಅಲೆ ಇರುತ್ತಿತ್ತು, ಅಲೆಯ ಮೈಯಿಂದ ಆಗೀಗ ಬೆಳಕು ಮರಳಿ ಅಂಕಿ ಬದಲಾಗುತ್ತಿತ್ತು. ಕಾಲುವೆ ಕುಸಿಯುತ್ತ ಬಂದಂತೆ ಅಲೆ ಅಡಗಿ ನೀರಿನ ಮೇಲ್ಮೈ ಅಲುಗಾಡದಾಯಿತು. ಸೆನ್ಸರಿಗೆ ನೀರು ಕಾಣಲೇ ಇಲ್ಲ.

ಕಾಣದಿದ್ದರೆ ಕಾಣುವುದಿಲ್ಲ ಎನ್ನಬೇಕು, ಪಂಪು ನಿಲ್ಲಿಸಬೇಕು. ಅದನ್ನು ಯಾಕೆ ಮಾಡಲಿಲ್ಲ? ಇದನ್ನು ತಿಳಿಯಲು ಪ್ರಯೋಗ ಬೇಕಿತ್ತು.

ಕಾಲೇಜಿನ ಅಂಗಳದಲ್ಲಿ ಆಳೆತ್ತರದ, ನೀರು ತುಂಬುವ ಕಪ್ಪು ಟ್ಯಾಂಕು ಇಟ್ಟೆವು. ನನ್ನ ಜೊತೆಗಿದ್ದದ್ದು ನಮ್ಮ ಲ್ಯಾಬಿನ ಅಟೆಂಡರ್, ನಿವೃತ್ತಿಗೆ ಹತ್ತಿರವಿದ್ದ ಹೆಂಗಸು, ಮಾತಿಗೊಂದು ಗೊಣಗು. ಮೇಲೆ ಕಬ್ಬಿಣದ ಪಟ್ಟಿ ಹಾಕಿ, ಇನ್ನೂ ನನ್ನಲ್ಲೇ ಉಳಿದಿದ್ದ ಸೆನ್ಸರನ್ನು ಜಾಕ್‌ವೆಲ್ಲಿನಲ್ಲಿದ್ದಷ್ಟೇ ವಾಲಿಸಿ ಬಿಗಿದೆ. ಸೆಟ್ಟಿಂಗು ಯಾವುದನ್ನೂ ಮುಟ್ಟಲಿಲ್ಲ. ಮೊದಲು ನೀರಿಗೆ ನಾಲ್ಕು ಬುಟ್ಟಿ ಕೆಮ್ಮಣ್ಣು ಕಲಕಿದೆವು, ಅಂಕಿ ಕಡ್ಡಿ ಇಟ್ಟು ಅಳೆದಷ್ಟೇ ಬಂತು. ಆಮೇಲೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗಲೆಂದು ಪಟಕ, ಎಂದರೆ ಆಲಂ, ಹಾಕಿ ಬಿಟ್ಟೆವು. ಎರಡು ದಿನ ಏನೂ ಆಗಲಿಲ್ಲ. ಪಟಕ ಕಡಿಮೆಯಾಗಿ ನೀರು ಮಸುಕಾಗಿಯೇ ಉಳಿಯಿತು, ಅಂಕಿ ಸರಿಯಾಗಿಯೇ ಬರುತ್ತಿತ್ತು. ನನ್ನ ತರ್ಕವೇ ತಪ್ಪೇನೋ ಎಂದು ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಹಾಕಿದೆ. ವಿಚಾರಣೆಗೆ ಐದು ದಿನವಿತ್ತು. ಮಣ್ಣಿನ ಕೊಡದಲ್ಲಿ ಹೊಳೆನೀರು ತಿಳಿ ಮಾಡುವುದನ್ನೂ ನಿಮಗೆ ನಾನೇ ಕಲಿಸಬೇಕೇ ಎಂದು ಗೊಣಗುತ್ತ ಅಟೆಂಡರ್ ಪಟಕದ ಗಡ್ಡೆಯನ್ನು ತಾನೇ ಕೈಯಲ್ಲಿ ಹಿಡಿದು ನೀರಿನಲ್ಲಿ ಹತ್ತಿಪ್ಪತ್ತು ಸುತ್ತು ಸುತ್ತಿಸಿದಳು. ಮರುದಿನ ಬೆಳಿಗ್ಗೆ ನೋಡಿದರೆ ಟ್ಯಾಂಕಿನಲ್ಲಿ ನೀರಿದೆಯೋ ಇಲ್ಲವೋ ಗೊತ್ತಾಗದಷ್ಟು ತಿಳಿ.

ಪರದೆಯ ಮೇಲೆ ಒಂದು ಮೀಟರ್ ಇಪ್ಪತ್ತು. ಕೆಳಗಿನ ನಲ್ಲಿ ತೆರೆದೆ. ನೀರು ಸುರಿಯತೊಡಗಿತು. ಒಂದು ಗೇಣು ಇಳಿಯಿತು, ಪರದೆ ಒಂದು ಇಪ್ಪತ್ತು. ಮೊಣಕಾಲಷ್ಟು ಇಳಿಯಿತು, ಒಂದು ಇಪ್ಪತ್ತು. ಅಂಗಳವೆಲ್ಲ ಹರಿದು ಅಟೆಂಡರಳ ಚಪ್ಪಲಿ ತೇಲಿತು, ಪರದೆ ಮಿಸುಕಲಿಲ್ಲ. ನಾನು ರಿಜಿಸ್ಟರಿನ ಆ ಐದು ಸಾಲುಗಳನ್ನು ನೆನೆದು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವನು ಗೀಚಿರಲಿಲ್ಲ. ಪರದೆ ಐದು ಸಲ ಹೇಳಿದ ಸುಳ್ಳನ್ನು ಐದು ಸಲವೂ ನಿಜವಾಗಿ ಬರೆದಿಟ್ಟಿದ್ದ.

ಬಟನ್ನು ಒತ್ತಿ ಸೆಟ್ಟಿಂಗಿನೊಳಗೆ ಹೊಕ್ಕೆ. ಬೆಳಕು ಮರಳದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಮೂರು ಆಯ್ಕೆಗಳಿದ್ದವು. ಸೊನ್ನೆ ತೋರಿಸು, ಎಚ್ಚರಿಕೆ ಕೊಡು, ಕೊನೆಯ ಅಂಕಿಯನ್ನೇ ಹಿಡಿದುಕೊಂಡಿರು. ಮೂರನೆಯದಕ್ಕೆ ಗುರುತು ಹಾಕಿತ್ತು. ಪಂಪು ಪದೇ ಪದೇ ನಿಲ್ಲುತ್ತದೆ ಎಂಬ ದೂರು ಬಂದಾಗ, ಯಾಕೆ ನಿಲ್ಲುತ್ತದೆ ಎಂದು ನೋಡುವ ಬದಲು ಅದರ ಬಾಯಿ ಮುಚ್ಚಿಸಿ ಹೋಗಿದ್ದರು. ಬೆಂಕಿ ಹತ್ತಿದ ಮನೆಯಲ್ಲಿ ಕೂಗುವವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಕಂಪನಿಯವರಿಗೆ ಫೋನು ಮಾಡಿ ಕೇಳಿದರೆ, ಸಾಹೇಬರ ಆಫೀಸಿನವರೇ ಹೇಳಿದ್ದರು ಮೇಡಂ, ಬರಹದಲ್ಲೇ ಇದೆ, ಎಂದರು. ಸಾಹೇಬರಿಗೆ ಮಾಡಿದರೆ, ಕಂಪನಿಯವರು ತೊಂದರೆಯಿಲ್ಲ ಎಂದಿದ್ದರು, ಎಂದರು. ಇಬ್ಬರಿಗೂ ಗೊತ್ತಿತ್ತು! ಗೊತ್ತಿದ್ದೇ ಆ ಡಬ್ಬಿ ಹಿಡಿದುಕೊಂಡು ನನ್ನ ಮೇಜಿಗೆ ಬಂದು, ಗಾಜಿನ ಅಂಚು ತೋರಿಸಿ, ಐದೇ ಸಾಲಿನ ಝೆರಾಕ್ಸ್ ಕೊಟ್ಟಿದ್ದರು. ಆಮಂತ್ರಣವಿಲ್ಲದೆಯೂ ಹಳ್ಳಕ್ಕೆ ಬೀಳುವ ನನ್ನಂಥವಳನ್ನು ಸರಿಯಾಗಿಯೇ ಹುಡುಕಿಕೊಂಡಿದ್ದರು.

ಇನ್ನು ಗಾಜಿನ ಅಂಚಿಗೆ ವಿಭೂತಿ ಬಂದದ್ದು ಹೇಗೆ? ಅದನ್ನು ನೀರಗಂಟಿಯ ಮಗಳು ಬಿಡಿಸಿದಳು. ಸೆನ್ಸರ್ ಕೂಡಿಸಿದ ದಿನದ ಫೋಟೊ ಊರಿನವರ ಮೊಬೈಲುಗಳಲ್ಲೆಲ್ಲ ಇತ್ತು, ಕಳಿಸಿದಳು. ತಟ್ಟೆಯಲ್ಲಿ ಹೂವು, ಕಾಯಿ, ಮಧ್ಯೆ ಸೆನ್ಸರ್. ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿರುವವರು ಸಾಕ್ಷಾತ್ ಎಂಜಿನಿಯರ್ ಸಾಹೇಬರು, ಪಕ್ಕದಲ್ಲಿ ಕೈಮುಗಿದು ನಿಂತವರು ಕಂಪನಿಯ ಪ್ರತಿನಿಧಿ. ಮಲಗಿಸಿದ ಸೆನ್ಸರಿನ ಯಾವ ತುದಿ ಕಣ್ಣು, ಯಾವ ತುದಿ ತಲೆ ಎಂದು ಅವರಿಗೂ ಗೊತ್ತಿರಲಿಲ್ಲ. ಅವರು ಹಚ್ಚಿದ್ದು ಉದ್ಘಾಟನೆ, ಅವನು ಹಚ್ಚಿದ್ದು ಅಜ್ಞಾನ. ಆ ಎರಡನೆಯ ಶಬ್ದ ನನ್ನದೇ. ನಮ್ಮ ಪ್ರಯೋಗಾಲಯದಲ್ಲಿ ಆಯುಧಪೂಜೆಗೆ ಮೀಟರು ಮೀಟರಿಗೂ ವಿಭೂತಿ ಹಚ್ಚುವವಳೂ ನಾನೇ.

ಎರಡನೇ ವರದಿ ಬರೆಯಲು ಕೂತೆ. ಪ್ರಿನ್ಸಿಪಾಲರು ಕರೆದು ಸಮಾಧಾನದಿಂದ ಹೇಳಿದರು: ‘ಹೆಚ್ಚುವರಿ ಅವಲೋಕನ’ ಎಂದು ಶೀರ್ಷಿಕೆ ಕೊಡಿ, ಮೊದಲಿನದಕ್ಕೆ ಧಕ್ಕೆ ಬಾರದಂತೆ ಬರೆಯಿರಿ, ಇಲ್ಲದಿದ್ದರೆ ನಾಳೆ ಯಾರೂ ನಮ್ಮ ಕಾಲೇಜಿಗೆ ಪರೀಕ್ಷೆಗೆ ಏನನ್ನೂ ಕಳಿಸುವುದಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು. ಒಂದು ದಿನ ಪೂರ್ತಿ ಹಾಗೆಯೇ ಬರೆಯಲು ನೋಡಿದೆ ಕೂಡ. ‘ಪೂರಕ ಅಂಶಗಳು ಬೆಳಕಿಗೆ ಬಂದಿರುವುದರಿಂದ’ ಎಂದು ಬರೆದೆ. ಬರೆದದ್ದನ್ನು ಓದಿದರೆ ಮೂರು ನಲವತ್ತು, ಮೂರು ನಲವತ್ತು ಎಂದ ಪರದೆಯ ನೆನಪೇ ಬಂತು. ಹರಿದು ಹಾಕಿ, ಮೊದಲ ಸಾಲಿನಲ್ಲೇ ಬರೆದೆ: ‘ನನ್ನ ಮೊದಲ ವರದಿ ತಪ್ಪು. ಸ್ಥಳಕ್ಕೆ ಹೋಗದೆ, ನಿರ್ವಾಹಕನನ್ನು ಒಂದು ಮಾತೂ ಕೇಳದೆ ಅದನ್ನು ಬರೆದಿದ್ದೇನೆ.’

ವಿಚಾರಣೆ ಹಡಗಲಿಯಲ್ಲಿ ನಡೆಯಿತು. ಮೇಲಿನ ಅಧಿಕಾರಿ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಯಾವುದನ್ನು ನಂಬಬೇಕು ಮೇಡಂ, ಎಂದು ಕೇಳಿದರು. ಸಾಹೇಬರು ಕೆಮ್ಮಿದರು. ವರದಿ ಎರಡನ್ನೂ ನಂಬಬೇಡಿ, ಕಣ್ಣಾರೆ ನೋಡಿ, ಎಂದೆ. ಸೆನ್ಸರನ್ನೂ ಒಂದು ಡ್ರಮ್ಮನ್ನೂ ಟೆಂಪೋದಲ್ಲಿ ಹಾಕಿಕೊಂಡೇ ಬಂದಿದ್ದೆ. ಆಫೀಸಿನ ಅಂಗಳದಲ್ಲಿ ತಿಳಿನೀರು ತುಂಬಿ ನಲ್ಲಿ ತೆರೆದೆ. ನೀರು ಕಾಲುಭಾಗಕ್ಕೆ ಇಳಿಯಿತು, ಅಂಕಿ ನಿಂತಲ್ಲೇ ನಿಂತಿತ್ತು. ಆ ಅಧಿಕಾರಿ ಬಗ್ಗಿ ಡ್ರಮ್ಮಿನೊಳಗೆ ನೋಡಿದರು, ಪರದೆ ನೋಡಿದರು, ಮತ್ತೆ ಡ್ರಮ್ಮು ನೋಡಿದರು. ಆಮೇಲೆ ಮೊದಲ ಬಾರಿಗೆ ನೀರಗಂಟಿಯ ಕಡೆ ತಿರುಗಿ, ಅವತ್ತು ಏನಾಯಿತು ಹೇಳು, ಎಂದರು.

ಅವನು ಹೇಳಿದ. ಮೋಟಾರಿನ ಸದ್ದು ಬದಲಾದದ್ದು ಕೇಳಿ ಓಡಿದ್ದು, ತಾನೇ ನಡೆಯುವಂತೆ ಆಟೊಮ್ಯಾಟಿಕ್ಕಿಗೆ ಇಟ್ಟಿದ್ದ ಪ್ಯಾನೆಲ್ಲಿಗೆ ಪಾಸ್‌ವರ್ಡ್ ಹಾಕಿದ್ದರಿಂದ ಬಟನ್ನು ಒತ್ತಿದರೂ ನಿಲ್ಲದೆ, ಹೊರಗೆ ಓಡಿ ಕಂಬದ ಹತ್ತಿರದ ಮೇನ್ ಸ್ವಿಚ್ಚು ಎಳೆಯುವಷ್ಟರಲ್ಲಿ ಹೊಗೆ ಎದ್ದದ್ದು. ಇಷ್ಟನ್ನೂ ಅವನು ಅವತ್ತೇ ಸಾಹೇಬರಿಗೆ ಹೇಳಿದ್ದನಂತೆ. ಯಾವ ಕಾಗದದಲ್ಲೂ ಒಂದು ಅಕ್ಷರ ಇರಲಿಲ್ಲ.

ಆದೇಶ ಬಂತು. ನೋಟಿಸು ರದ್ದು, ಅವನು ಕೆಲಸಕ್ಕೆ ಮರಳಬಹುದು. ಮೋಟಾರು ಸುಟ್ಟದ್ದು ‘ತಾಂತ್ರಿಕ ಕಾರಣ’ದಿಂದ. ಕಂಪನಿಗೆ ಒಂದು ಪ್ರಶ್ನೆ ಇಲ್ಲ, ಸಾಹೇಬರಿಗೆ ಒಂದು ಮಾತಿಲ್ಲ. ಕೊನೆಯ ಸಾಲಿನಲ್ಲಿ, ‘ಇನ್ನು ಮುಂದೆ ನಿರ್ವಾಹಕರು ಉಪಕರಣಗಳಿಗೆ ವಿಭೂತಿ, ಕುಂಕುಮ ಇತ್ಯಾದಿ ಹಚ್ಚತಕ್ಕದ್ದಲ್ಲ’ ಎಂಬ ಎಚ್ಚರಿಕೆ. ಓದಿ ನನಗೆ ಮೈಯೆಲ್ಲ ಉರಿಯಿತು. ನನ್ನ ಮೊದಲ ವರದಿಯನ್ನು ಹಿಂದಕ್ಕೆ ಕೊಡಿ ಎಂದು ಕೇಳಿದರೆ, ಒಮ್ಮೆ ಕಡತಕ್ಕೆ ಸೇರಿದ್ದು ಹೊರಗೆ ಬರುವುದಿಲ್ಲ ಎಂದರು. ಈಗಲೂ ಅಲ್ಲೇ ಇದೆ, ನನ್ನ ಸಹಿಯ ಜೊತೆ.

ಮಳೆಗಾಲ ಶುರುವಾಗುವ ಮುಂಚೆ ಜಾಕ್‌ವೆಲ್ಲಿಗೆ ಹೋಗಿ ಎಲ್ಲವನ್ನೂ ಹೊಸದಾಗಿ ಜೋಡಿಸಿದೆ. ಹೀಗೆಯೇ ಆಗಬೇಕೆಂದು ಮೇಲಿನ ಅಧಿಕಾರಿಯಿಂದ ಬರೆಸಿಕೊಂಡಿದ್ದೆ. ಸೆನ್ಸರಿನ ಕೆಳಗೆ ಒಂದು ಅಗಲವಾದ ಕೊಳವೆ ಇಳಿಸಿ, ಅದರೊಳಗೆ ನೀರಿನ ಮೇಲೆ ಬಿಳಿ ಬಿಲ್ಲೆ ತೇಲಿಬಿಟ್ಟೆ. ನೀರು ಕೆಂಪಗಿರಲಿ ತಿಳಿಯಾಗಿರಲಿ, ಬೆಳಕಿಗೆ ತಾಗಲು ಒಂದು ವಸ್ತು ಇದ್ದೇ ಇರುತ್ತದೆ. ಬೆಳಕು ಮರಳದಿದ್ದರೆ ಸೊನ್ನೆ ಎಂದು ಸೆಟ್ಟಿಂಗು ಬದಲಿಸಿದೆ. ಉಕ್ಕಿನ ಸಲಾಕೆಗಳನ್ನು ತಿಕ್ಕಿ, ವೈರು ಮತ್ತೆ ಕೂಡಿಸಿ, ಸಲಾಕೆ ನೀರಿಲ್ಲವೆಂದರೂ ಪಂಪು ನಿಲ್ಲಬೇಕು, ಸೆನ್ಸರ್ ನೀರಿಲ್ಲವೆಂದರೂ ನಿಲ್ಲಬೇಕು ಎಂದು ಮಾಡಿದೆ. ಮುಚ್ಚಳದ ಕೀಲಿಕೈಯನ್ನು ನೀರಗಂಟಿಯ ಉಡಿದಾರಕ್ಕೇ ಕಟ್ಟಿಸಿದೆ. ಹೊಸ ಹಗ್ಗವನ್ನು ಅವನೇ ತಂದಿದ್ದ, ಗಂಟು ಹಾಕಿಕೊಂಡೇ ಬಂದಿದ್ದ.

ಕೆಲಸ ಮುಗಿಯುವ ಹೊತ್ತಿಗೆ ನಡುಮಧ್ಯಾಹ್ನ. ಅವನ ಹಣೆ ಇನ್ನೂ ಖಾಲಿಯೇ ಇತ್ತು. ಯಾಕೆ ಎಂದು ಕೇಳಿದೆ. ಆದೇಶದ ಕಾಗದ ಪ್ಯಾನೆಲ್ಲಿನ ಮೇಲೆ ಅಂಟಿಸಿತ್ತು, ಅದರ ಕಡೆ ಕೈ ಮಾಡಿದ. ಅದು ಉಪಕರಣಕ್ಕೆ ಹೇಳಿದ್ದು ಮಾರಾಯ, ನಿನ್ನ ಹಣೆಗಲ್ಲ, ಎಂದೆ. ಮೂಲೆಯ ಗೂಡಿನಲ್ಲಿ ವಿಭೂತಿ ಗಟ್ಟಿ ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು. ತೊಳೆದು, ಮೂರು ಬೆರಳಿಗೆ ಹತ್ತಿಸಿಕೊಂಡು ಹಚ್ಚಿಕೊಂಡ. ಊರಿನವರು ನಿನ್ನ ವಿಭೂತಿಯೇ ನಮ್ಮ ನೀರು ಒಣಗಿಸಿತು ಎಂದು ಎಷ್ಟು ದಿನ ಅಂದಿದ್ದರೋ, ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಆಮೇಲೆ ರಿಜಿಸ್ಟರು ತೆರೆದ. ಅದರಲ್ಲಿ ಅವನೇ ಸ್ಕೇಲು ಹಿಡಿದು ಹೊಸ ಗೆರೆಗಳನ್ನು ಎಳೆದಿದ್ದ. ಪರದೆಯ ಅಂಕಿಗೊಂದು ಮನೆ, ಹಗ್ಗದ ಮೊಳಕ್ಕೊಂದು ಮನೆ, ಕೊನೆಗೆ ಸಹಿ. ಎರಡೂ ಮನೆ ತುಂಬಿದ. ಪೆನ್ನನ್ನು ನನ್ನ ಕಡೆ ಚಾಚಿದ. ತಾಂತ್ರಿಕ ಪರಿಶೀಲನೆಗೆ ಬಂದವರು ಸಹಿ ಮಾಡುವುದು ನಿಯಮ. ನಾನು ಕೂತಲ್ಲೇ ಪುಟ ಎಳೆದುಕೊಂಡು ಸಹಿಗೆ ಕೈ ಇಟ್ಟೆ. ಅವನು ಪುಟದ ಮೇಲೆ ಅಂಗೈ ಊರಿದ.

"ನೋಡಿ ಮಾಡ್ರಿ, ಮೇಡಮ್ಮಾರ."

ನಾನು ಎದ್ದೆ. ಅವನು ಮುಚ್ಚಳದ ಕೀಲಿ ತೆಗೆದು ಎತ್ತಿ ಹಿಡಿದ. ಚಪ್ಪಡಿಯ ಮೇಲೆ ಮೊಣಕಾಲೂರಿ ಬಾವಿಯೊಳಗೆ ಬಗ್ಗಿ ನೋಡಿದೆ. ಹಗ್ಗ ಇಳಿಬಿಟ್ಟೆ, ಎಳೆದೆ, ಒದ್ದೆ ಗಂಟುಗಳನ್ನು ಒಂದೊಂದಾಗಿ ಎಣಿಸಿದೆ. ಅವನು ಬರೆದಷ್ಟೇ ಇತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದೆ.